ಸೊಲೆಮ್ ಮಠದವರು ಮರಳಿ ಪಡೆದ ಗಾನ

ಫ್ರಾನ್ಸ್ ದೇಶದ ಪಶ್ಚಿಮಭಾಗದಲ್ಲಿ, ಸಾರ್ತ್ ನದಿಯ ದಡದ ಮೇಲೆ, ಸೊಲೆಮ್ ಎಂಬ ಸಣ್ಣ ಊರೊಂದಿದೆ. 1010ನೆಯ ಇಸವಿಯಷ್ಟು ಹಿಂದೆ ಅಲ್ಲಿ ಸ್ಥಾಪಿತವಾಗಿದ್ದ ಬೆನೆಡಿಕ್ಟಿನ್ ಸಂನ್ಯಾಸಿಗಳ ಮಠವು ಮಹಾಕ್ರಾಂತಿಯ ಕಾಲದಲ್ಲಿ ದೇಶದ ಇತರ ಮಠಗಳೊಡನೆ ಮುಚ್ಚಿಹೋಗಿ, ಕಟ್ಟಡವು ಪರರ ಕೈಸೇರಿ, ಕಡೆಗೆ ಕೆಡವಿಹಾಕುವವರ ಪಾಲಾಗಲಿದ್ದ ಸಮಯದಲ್ಲಿ, ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ಪ್ರಾಸ್ಪರ್ ಗೆರಾಂಜೆ ಎಂಬ ತರುಣ ಗುರುಗಳು ಅದನ್ನು ಉಳಿಸಿಕೊಳ್ಳುವ ಸಾಹಸಕ್ಕೆ ಕೈಹಾಕಿ, 1833ರ ಜುಲೈ 11ರಂದು ಕೆಲವೇ ಸಂಗಡಿಗರೊಡನೆ ಅಲ್ಲಿ ಸಂನ್ಯಾಸಜೀವನವನ್ನು ಪುನಃ ಆರಂಭಿಸಿದರು. ಅವರಿಗೆ ಆಗ 28 ವರ್ಷ ವಯಸ್ಸು. ಸಂಗೀತಶಾಸ್ತ್ರವನ್ನು ಉದ್ಧರಿಸಬೇಕೆಂಬುದು ಅವರ ಸಂಕಲ್ಪವಾಗಿರಲಿಲ್ಲ. ಸಂತ ಬೆನೆಡಿಕ್ಟರು ವಿಧಿಸಿದಂತೆ ಹಗಲಿನಲ್ಲಿ ಏಳು ಬಾರಿ, ಇರುಳಿನಲ್ಲಿ ಒಂದು ಬಾರಿ ದೇವರನ್ನು ಸ್ತುತಿಸಬೇಕೆಂಬುದಷ್ಟೇ ಅವರ ಅಪೇಕ್ಷೆ. ಆದರೆ ಆ ಸ್ತುತಿಯು ಗಾನರೂಪವಾದುದು. ಆದಕಾರಣ ಮಠದ ಬಾಗಿಲು ತೆರೆದ ದಿನದಿಂದಲೇ, ಹಾಡಬೇಕಾದುದು ಯಾವುದನ್ನು, ಹಾಡಬೇಕಾದುದು ಹೇಗೆ ಎಂಬ ಪ್ರಶ್ನೆಗಳು ಅವರ ಮುಂದೆ ನಿಂತವು.

ಪ್ರಾಚೀನ ಗಾನವು ಆಗ ಹೆಸರಿಗೆ ಮಾತ್ರ ಬದುಕಿದ್ದಿತು. ಕಥೋಲಿಕ ಧರ್ಮಸಭೆಯು ಸಾವಿರ ವರ್ಷಕ್ಕೂ ಮಿಗಿಲಾಗಿ ತನ್ನದೆಂದು ಕಾಪಾಡಿಕೊಂಡು ಬಂದ ಗ್ರೆಗೋರಿಯನ್ ಗಾನವು, ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಪದವಿಯಲ್ಲಿದ್ದ ಮಹಾ ಗ್ರೆಗೋರಿಯ ಹೆಸರನ್ನು ಹೊತ್ತಿದ್ದರೂ, ವಿದ್ವಾಂಸರ ಅಭಿಪ್ರಾಯದಂತೆ ಎಂಟು ಒಂಬತ್ತನೆಯ ಶತಮಾನಗಳಲ್ಲಿ, ರೋಮಿನ ಪದ್ಧತಿಯೂ ಫ್ರಾಂಕರ ನಾಡಿನ ಪದ್ಧತಿಯೂ ಕೂಡಿದ ಕಡೆಯಲ್ಲಿ, ಇಂದಿನ ರೂಪವನ್ನು ತಳೆದುದು. ಎಷ್ಟು ಕಂಠಗಳು ಸೇರಿದರೂ ಒಂದೇ ರಾಗಧಾರೆ; ಸ್ವರದ ಮೇಲೆ ಬೇರೆ ಸ್ವರವನ್ನು ಪೇರಿಸುವ ಪಾಶ್ಚಾತ್ಯ ಕ್ರಮವು ಅದರಲ್ಲಿಲ್ಲ; ತಾಳದ ಪೆಟ್ಟಿಲ್ಲ, ವಾದ್ಯದ ಅಪೇಕ್ಷೆಯಿಲ್ಲ. ಎಂಟು ಮೇಳಗಳ ಚೌಕಟ್ಟಿನಲ್ಲಿ, ಪವಿತ್ರಗ್ರಂಥದ, ಬಹುಮಟ್ಟಿಗೆ ಕೀರ್ತನೆಗಳ, ಲ್ಯಾಟಿನ್ ವಚನಗಳು ಸ್ವರವನ್ನುಟ್ಟು ನಡೆಯುತ್ತವೆ. ಮಾತು ಒಡೆಯ, ರಾಗ ಅದರ ಪರಿಚಾರಕ. ಕುಮಾರವ್ಯಾಸನನ್ನು ಗಮಕಿಯು ವಾಚಿಸುವುದನ್ನು ಕೇಳಿದ ಕನ್ನಡಿಗನಿಗೆ, ಪದದ ಅರ್ಥವನ್ನು ಬಿಟ್ಟು ರಾಗವು ಎಲ್ಲಿಯೂ ಮುಂದೆ ಹೋಗದ ಈ ಸಂಯಮವನ್ನು ಬೇರೆ ವಿವರಿಸಬೇಕಾದುದಿಲ್ಲ.

ಈ ಗಾನದ ಶರೀರವನ್ನು ಕತ್ತರಿಸಿದವರು ಶತ್ರುಗಳಲ್ಲ, ಸುಧಾರಕರು. 1577ರಲ್ಲಿ ಪೋಪ್ ಹದಿಮೂರನೆಯ ಗ್ರೆಗೋರಿಯವರು ಗಾನಗ್ರಂಥಗಳ ಪರಿಷ್ಕರಣವನ್ನು ಪಾಲೆಸ್ಟ್ರೀನಾ ಮತ್ತು ಜೋಯ್ಲೋ ಎಂಬ ಇಬ್ಬರು ಸಂಗೀತಗಾರರಿಗೆ ಒಪ್ಪಿಸಿದರು; ಆ ಕಾರ್ಯವು ಅವರ ಕೈಯಲ್ಲಿ ಮುಗಿಯಲಿಲ್ಲ. ಮುಂದೆ ಅನೇರಿಯೊ, ಸೊರಿಯಾನೊ ಎಂಬವರು ಸಿದ್ಧಪಡಿಸಿದ ಗ್ರಂಥವು 1614 ಮತ್ತು 1615ರಲ್ಲಿ ರೋಮಿನ ಮೆಡಿಚಿ ಮುದ್ರಣಾಲಯದಿಂದ ಹೊರಬಂದಿತು. ಲ್ಯಾಟಿನ್ ಉಚ್ಚಾರಣೆಯ ಶುದ್ಧಿಯಲ್ಲಿ ಆ ಕಾಲದ ಪಂಡಿತರಿಗೆ ವಿಶೇಷವಾದ ಅಭಿಮಾನವಿದ್ದುದರಿಂದ, ಒತ್ತಿಲ್ಲದ ಅಕ್ಷರದ ಮೇಲೆ ಇಪ್ಪತ್ತು ಮೂವತ್ತು ಸ್ವರಗಳು ಹರಿಯುವುದು ಅವರಿಗೆ ಅನಾಗರಿಕತೆಯಾಗಿ ಕಂಡಿತು. ಉದ್ದವಾದ ಸ್ವರಸಂಚಾರಗಳನ್ನು ಮೊಟಕುಮಾಡಿ, ಉಳಿದುದನ್ನು ಒತ್ತಕ್ಷರಗಳ ಮೇಲೆ ಸರಿಸಿಬಿಟ್ಟರು. ಪ್ರಾರ್ಥನೆಯು ಮಾತಿನ ಎಲ್ಲೆಯನ್ನು ದಾಟಿ ಶುದ್ಧನಾದವಾಗುವ ಸ್ಥಳಗಳೇ ಹೀಗೆ ಅಳಿದುಹೋದವು. ಇದರ ಮೇಲೆ ಹಾಡುವ ರೀತಿಯೂ ಕೆಟ್ಟಿತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ದೇವಾಲಯಗಳಲ್ಲಿ ಪ್ರತಿಯೊಂದು ಸ್ವರವನ್ನೂ ಒಂದೇ ತೂಕದಲ್ಲಿ, ಒಂದೇ ಜಡಗತಿಯಲ್ಲಿ ಕುಟ್ಟುತ್ತ ಹೋಗುತ್ತಿದ್ದರು. ಅವರೊಡನೆ ಸರ್ಪೆಂಟ್ ಎಂಬ, ಹಾವಿನಂತೆ ಡೊಂಕಾದ ಊದುವಾದ್ಯವೊಂದು ಗುಂಯ್ಗುಡುತ್ತಿದ್ದಿತು. ಇಟಲಿಯ ದೇವಾಲಯಗಳಲ್ಲಾದರೋ ನಾಟಕಶಾಲೆಯ ಆಪೆರಾ ಸಂಗೀತವೇ ಬಲಿಪೂಜೆಯ ವೇದಿಕೆಯವರೆಗೂ ಬಂದು ಕುಳಿತಿದ್ದಿತು.

ಗೆರಾಂಜೆಯವರು ಒಂದು ಸರಳವಾದ ಸೂತ್ರವನ್ನು ಮುಂದಿಟ್ಟರು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಬರೆದ ಹಸ್ತಪ್ರತಿಗಳು ಒಂದು ಗಾನವಾಕ್ಯದ ವಿಷಯದಲ್ಲಿ ಏಕಕಂಠವಾಗಿ ಸಾಕ್ಷ್ಯ ನುಡಿದರೆ, ಅದೇ ಮೂಲರೂಪವೆಂದು ಧೈರ್ಯವಾಗಿ ಹೇಳಬಹುದು ಎಂಬುದೇ ಆ ಸೂತ್ರ. ಪಂಪನ ಪಾಠವನ್ನು ನಿರ್ಣಯಿಸುವ ಸಂಪಾದಕನು ಅನುಸರಿಸುವ ಮಾರ್ಗವೂ ಇದೇ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಗದ್ಯವನ್ನು ಸುಶಿಕ್ಷಿತನು ಓದುವಾಗ ಎಲ್ಲಿ ಉಸಿರೆಳೆಯುವನೋ, ಎಲ್ಲಿ ಒತ್ತುವನೋ, ಆ ಸಹಜಗತಿಯಲ್ಲಿಯೇ ಹಾಡಬೇಕೆಂದು ತಮ್ಮವರನ್ನು ಪಳಗಿಸಿದರು. ಮಠದ ಹಾಡಿಕೆಯನ್ನು ಕೇಳಿದ ಗೊಂತಿಯೆ ಎಂಬ ಗುರುಗಳು ಇದೇ ತತ್ತ್ವವನ್ನು 1859ರಲ್ಲಿ ಪುಸ್ತಕರೂಪವಾಗಿ ಪ್ರತಿಪಾದಿಸಿದರು. ಪ್ರಯೋಗವು ಮೊದಲು ನಡೆದು, ಶಾಸ್ತ್ರವು ಅದರ ಹಿಂದೆ ಬಂದಿತು. ಹುಡುಕುವವರೂ ಹಾಡುವವರೂ ಒಬ್ಬರೇ ಆಗಿದ್ದುದು ಈ ಉದ್ಧಾರಕಾರ್ಯದ ಜೀವಾಳವೆಂದು ನಾನು ತಿಳಿದಿದ್ದೇನೆ. ಬೆಳಗ್ಗೆ ಗ್ರಂಥಾಲಯದಲ್ಲಿ ಪ್ರತಿಮಾಡಿಕೊಂಡ ಸಾಲನ್ನು ಸಂಜೆ ದೇವರ ಮುಂದೆ ಹಾಡಬೇಕಾದವನು ಒಣತರ್ಕಕ್ಕೆ ಬಲಿಯಾಗುವುದು ಕಷ್ಟ.

ಪಾಲ್ ಝೋಸಿಯೋಂ ಮತ್ತು ಝೋಸೆಫ್ ಪೋತಿಯೆ ಎಂಬ ಇಬ್ಬರು ಸಂನ್ಯಾಸಿಗಳು ಮಠಾಧಿಪತಿಗಳ ಅಪ್ಪಣೆಯಂತೆ ಹಸ್ತಪ್ರತಿಗಳ ಕೆಲಸವನ್ನು ಕೈಕೊಂಡರು. ಆ ಪ್ರತಿಗಳ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅತ್ಯಂತ ಹಳೆಯ ಪ್ರತಿಗಳಲ್ಲಿ ಸ್ವರರೇಖೆಗಳಿಲ್ಲ. ಲ್ಯಾಟಿನ್ ಅಕ್ಷರಗಳ ಮೇಲುಗಡೆ ನ್ಯೂಮ್ ಎಂಬ ಸಣ್ಣ ಗೀಟು, ಚುಕ್ಕೆ, ಕೊಕ್ಕೆಗಳು ಮಾತ್ರ. ಸ್ವರವು ಏರುವುದೆಂದೋ ಇಳಿಯುವುದೆಂದೋ ಅವು ತಿಳಿಸಬಲ್ಲವು, ಎಷ್ಟು ಎಂಬುದನ್ನು ತಿಳಿಸಲಾರವು. ಗುರುಮುಖದಿಂದ ಕಲಿತು ಕಂಠಸ್ಥ ಮಾಡಿಕೊಂಡವನಿಗೆ ಅವು ನೆನಪಿನ ಆಸರೆ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಲಿಪಿಕಾರರು ಈ ಗೀಟುಗಳ ಪಕ್ಕದಲ್ಲಿ ಪುಟ್ಟ ಅಕ್ಷರಗಳನ್ನೂ ಬರೆದರು: 'ಸಿ' ಎಂದಿದ್ದರೆ ಬೇಗ ಸಾಗು, 'ಟಿ' ಎಂದಿದ್ದರೆ ಹಿಡಿದು ನಿಲ್ಲು. ಹತ್ತನೆಯ ಶತಮಾನದ ಹಾಡುಗಾರನೊಬ್ಬನ ಉಸಿರಿನ ಗತಿಯನ್ನೇ ತೊಗಲಿನ ಹಾಳೆಯ ಮೇಲೆ ಹೀಗೆ ಓದಬಹುದು. ಸ್ವರಸ್ಥಾನವನ್ನು ಖಚಿತವಾಗಿ ತೋರಿಸುವ ರೇಖೆಗಳ ಪದ್ಧತಿ ನೆಲೆಗೊಂಡುದು ಹನ್ನೊಂದನೆಯ ಶತಮಾನದಲ್ಲಿ, ಇಟಲಿಯ ಅರೆಜ್ಜೊ ನಗರದ ಗೀದೋ ಎಂಬ ಸಂನ್ಯಾಸಿಯಿಂದ. ಹಾಗಾದರೆ ಅದಕ್ಕೂ ಹಿಂದಿನ ಗೀಟುಗಳ ಅರ್ಥವನ್ನು ಬಿಡಿಸುವ ಬಗೆ ಯಾವುದು? 1847ರಲ್ಲಿ ದಾಂಝೂ ಎಂಬ ವಿದ್ವಾಂಸರು ಮೋಂಪೆಲಿಯೆ ನಗರದ ವೈದ್ಯಶಾಲೆಯ ಗ್ರಂಥಭಂಡಾರದಲ್ಲಿ ಕಂಡ ಒಂದು ಪ್ರತಿಯು ಇದಕ್ಕೆ ಕೀಲಿಕೈಯನ್ನು ಒದಗಿಸಿದ್ದಿತು. ಅದರಲ್ಲಿ ನ್ಯೂಮುಗಳೊಡನೆಯೇ ಪ್ರತಿಸ್ವರಕ್ಕೂ ಒಂದೊಂದು ಅಕ್ಷರವನ್ನು ಬರೆದಿಟ್ಟಿದ್ದಿತು.

ಝೋಸಿಯೋಂ 1870ರಲ್ಲಿ ಅಕಾಲಮರಣಕ್ಕೀಡಾದರು. ಪೋತಿಯೆಯವರು ಏಕಾಕಿಯಾಗಿ ಮುಂದುವರಿಸಿದ ಶ್ರಮದ ಫಲವಾಗಿ 1880ರಲ್ಲಿ ಗ್ರೆಗೋರಿಯನ್ ರಾಗಗಳನ್ನು ಕುರಿತ ಅವರ ಶಾಸ್ತ್ರಗ್ರಂಥವೂ, 1883ರಲ್ಲಿ ಬಲಿಪೂಜೆಯ ಗಾನಸಂಪುಟವೂ ಪ್ರಕಟವಾದವು. ಆದರೆ ಜರ್ಮನಿಯ ರೆಗೆನ್ಸ್‌ಬರ್ಗ್ ನಗರದ ಪುಸ್ಟೆಟ್ ಎಂಬ ಪ್ರಕಾಶಕರು ಮೆಡಿಚಿ ಪಾಠವನ್ನೇ ಪುನಃ ಅಚ್ಚುಮಾಡಿ, ಅದಕ್ಕೆ ರೋಮಿನಿಂದ 30 ವರ್ಷಗಳ ವಿಶೇಷಾಧಿಕಾರವನ್ನು ಪಡೆದಿದ್ದುದರಿಂದ, ಸೊಲೆಮ್ ಪಾಠವು ಸತ್ಯವಾಗಿದ್ದರೂ ಅಧಿಕೃತವಾಗಲಿಲ್ಲ.

ಆಗ ಮುಂದೆ ಬಂದವರು ಅದೇ ಮಠದ ಸಂನ್ಯಾಸಿ ಆಂದ್ರೆ ಮೋಕ್ರೋ. ಪೂರ್ವಾಶ್ರಮದಲ್ಲಿ ಅವರು ಚೆಲ್ಲೋ ವಾದಕರು. ವಾದದಿಂದ ವಾದವನ್ನು ಗೆಲ್ಲಲಾಗದೆಂದು ಕಂಡು, ಸಾಕ್ಷಿಗಳನ್ನೇ ಕರೆತಂದು ಲೋಕದ ಮುಂದೆ ನಿಲ್ಲಿಸಲು ಅವರು ನಿಶ್ಚಯಿಸಿದರು. ಛಾಯಾಚಿತ್ರಣವು ಆಗ ಹೊಸ ವಿದ್ಯೆ. ಅದರ ನೆರವಿನಿಂದ ಪ್ರಾಚೀನ ಹಸ್ತಪ್ರತಿಗಳನ್ನು ಯಥಾವತ್ತಾಗಿ ಮುದ್ರಿಸುವ ಗ್ರಂಥಮಾಲೆಯೊಂದನ್ನು ಅವರು 1889ರಲ್ಲಿ ಆರಂಭಿಸಿದರು. ಸರಕಾರವು 1880ರಲ್ಲಿ ಸಂನ್ಯಾಸಿಗಳನ್ನು ಮಠದಿಂದ ಹೊರಹಾಕಿದ್ದುದರಿಂದ ಆ ವರ್ಷಗಳಲ್ಲಿ ಅವರು ಊರಿನ ಮನೆಗಳಲ್ಲಿ ಚದರಿ ವಾಸಿಸುತ್ತಿದ್ದರು ಎಂಬುದನ್ನು ನೆನೆದರೆ, ಈ ಕಾರ್ಯದ ಘನತೆಯು ಇನ್ನೂ ಹೆಚ್ಚುತ್ತದೆ. ಮಾಲೆಯ ಎರಡು ಮತ್ತು ಮೂರನೆಯ ಸಂಪುಟಗಳಲ್ಲಿ ಅವರು ಮಾಡಿದುದು ಒಂದೇ ಒಂದು ಕೆಲಸ: ನೀತಿವಂತನು ಖರ್ಜೂರದ ಮರದಂತೆ ಬೆಳೆಯುವನೆಂಬ ಕೀರ್ತನೆಯ ವಚನದ ಮೇಲಿನ ಒಂದೇ ಗಾನವನ್ನು ತೆಗೆದುಕೊಂಡು, ಒಂಬತ್ತನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗಿನ ಇನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳಿಂದ ಅದರ ಪುಟವನ್ನು ಸಾಲಾಗಿ ಜೋಡಿಸಿ ಮುದ್ರಿಸಿದರು. ಪುಟ ತಿರುಗಿಸಿದಂತೆಲ್ಲ ಲಿಪಿ ಬದಲಾಗುತ್ತದೆ, ದೇಶ ಬದಲಾಗುತ್ತದೆ, ಶತಮಾನ ಬದಲಾಗುತ್ತದೆ. ರಾಗದ ನಡೆ ಮಾತ್ರ ಬದಲಾಗುವುದಿಲ್ಲ. ಮೆಡಿಚಿ ಪಾಠವನ್ನು ಅದರ ಪಕ್ಕದಲ್ಲಿಟ್ಟು ನೋಡಿದವನಿಗೆ ಬೇರೆ ಪ್ರಮಾಣವು ಬೇಕಾಗಲಿಲ್ಲ.

ಶತಮಾನವು ತಿರುಗುವ ಹೊತ್ತಿಗೆ ಪುಸ್ಟೆಟ್ ಪ್ರಕಾಶಕರ ಅಧಿಕಾರವು ತೀರಿತು. 1903ರಲ್ಲಿ ಪೋಪ್ ಪದವಿಗೇರಿದ ಹತ್ತನೆಯ ಪಯಸ್ ಅವರು ಹಳ್ಳಿಯ ಗುರುವಾಗಿದ್ದಾಗಲೇ ಜನರಿಗೆ ಗಾನವನ್ನು ಕಲಿಸಿದವರು. ಪದವಿಗೆ ಬಂದ ಕೆಲವೇ ತಿಂಗಳಲ್ಲಿ, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನವಾದ ನವೆಂಬರ್ 22ರಂದು, ಪೂಜಾಸಂಗೀತವನ್ನು ಕುರಿತ ತಮ್ಮ ಪ್ರಸಿದ್ಧವಾದ ಶಾಸನವನ್ನು ಹೊರಡಿಸಿದರು. ಪಾವಿತ್ರ್ಯ, ಕಲಾಸೌಷ್ಠವ, ಸಾರ್ವತ್ರಿಕತೆ ಈ ಮೂರೂ ಗುಣಗಳು ಪೂರ್ಣವಾಗಿರುವುದು ಗ್ರೆಗೋರಿಯನ್ ಗಾನದಲ್ಲೆಂದೂ, ಉಳಿದ ಸಂಗೀತವು ಅದಕ್ಕೆ ಎಷ್ಟು ಸಮೀಪವಾಗಿದ್ದರೆ ಅಷ್ಟು ಪೂಜಾಯೋಗ್ಯವೆಂದೂ ಅದರಲ್ಲಿ ವಿಧಿಸಿದರು. ಗಾನವೃಂದದಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲವೆಂದ ಅದರ ಒಂದು ವಿಧಿಯು ಉಚಿತವಾಗಿರಲಿಲ್ಲವೆಂದು ಹೇಳಲೇಬೇಕು. ಏಕೆಂದರೆ 1866ರಲ್ಲಿ ಗೆರಾಂಜೆಯವರೇ ಸೊಲೆಮ್‌ನಲ್ಲಿ ಸ್ಥಾಪಿಸಿದ ಸಂನ್ಯಾಸಿನಿಯರ ಮಠದಲ್ಲಿ ಇದೇ ಗಾನವು ನಿತ್ಯವೂ ನಡೆಯುತ್ತಿದ್ದಿತು, ಮತ್ತು ಅದನ್ನು ಅಮೆರಿಕದ ಶಾಲಾಮಕ್ಕಳ ಬಾಯಿಗೆ ತಲುಪಿಸಿದವರು ಜಸ್ಟೀನ್ ವಾರ್ಡ್ ಎಂಬ ಮಹಿಳೆಯೇ.

ಅಧಿಕೃತವಾದ ವ್ಯಾಟಿಕನ್ ಆವೃತ್ತಿಯ ಬಲಿಪೂಜಾ ಗಾನಸಂಪುಟವು 1908ರಲ್ಲಿ ಸಿದ್ಧವಾಯಿತು. ಅದನ್ನು ಸಿದ್ಧಪಡಿಸಿದ ಸಮಿತಿಯಲ್ಲಿ ಪೋತಿಯೆಯವರಿಗೂ ಮೋಕ್ರೋ ಅವರಿಗೂ ಅಭಿಪ್ರಾಯಭೇದವುಂಟಾಗಿ, ಹಿರಿಯರು ನಂತರದ ಪರಂಪರೆಗೂ ಬೆಲೆಕೊಡಬೇಕೆಂದರೆ, ಕಿರಿಯರು ಅತಿಪ್ರಾಚೀನ ಪ್ರತಿಯೇ ಪ್ರಮಾಣವೆಂದರು. ಹಿರಿಯರ ಪಕ್ಷವು ಗೆದ್ದಿತು. ನನ್ನ ಮನಸ್ಸು ಕಿರಿಯರ ಕಡೆಗೆ ವಾಲುತ್ತದೆ.

ಅಷ್ಟರಲ್ಲಿ ಫ್ರಾನ್ಸಿನ 1901ರ ಕಾನೂನಿನಿಂದಾಗಿ ಸಂನ್ಯಾಸಿಗಳು ದೇಶವನ್ನೇ ಬಿಟ್ಟು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸೇರಿದ್ದರು. ಅವರು ಸೊಲೆಮ್‌ಗೆ ಹಿಂದಿರುಗಿದುದು 1922ರಲ್ಲಿ. 1930ರಲ್ಲಿ ಮಠದ ಗಝಾರ್ ಎಂಬ ಸಂನ್ಯಾಸಿಯ ನೇತೃತ್ವದಲ್ಲಿ ಅವರ ಗಾನವು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿತವಾಯಿತು. ತತ್ತ್ವಚಿಂತಕಿ ಸಿಮೋನ್ ವೇಯ್ ಅವರು 1938ರ ಪವಿತ್ರವಾರದಲ್ಲಿ, ಯಾವ ಸದ್ದನ್ನೂ ಸಹಿಸಲಾಗದ ತಲೆನೋವಿನೊಡನೆ, ಸೊಲೆಮ್‌ನ ಪೂಜೆಗಳಲ್ಲಿ ಕುಳಿತಿದ್ದು, ಗಾನದ ಮೇಲೆ ಮನಸ್ಸನ್ನು ಏಕಾಗ್ರಗೊಳಿಸಿದಾಗ ನೋವು ಶರೀರದ ಮೂಲೆಯೊಂದರಲ್ಲಿ ಉಳಿದು, ತಾವು ನಿರ್ಮಲವಾದ ಆನಂದವನ್ನು ಕಂಡುದಾಗಿ ಬರೆದಿದ್ದಾರೆ. ಹುಟ್ಟಿನಿಂದ ಯಹೂದಿಯಾಗಿದ್ದು, ಆಗ ಧರ್ಮಸಭೆಯ ಹೊರಗಿದ್ದವರ ಅನುಭವವಿದು. ಆದುದರಿಂದಲೇ ಇದಕ್ಕೆ ನಾನು ಹೆಚ್ಚು ಬೆಲೆಕೊಡುತ್ತೇನೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು ಈ ಗಾನವನ್ನು ಹೊರಗಟ್ಟಿತೆಂಬ ಮಾತು ನಮ್ಮಲ್ಲಿಯೂ ಕೇಳಿಬರುತ್ತದೆ. ಅದು ನಿಜವಲ್ಲ. 1963ರ ಡಿಸೆಂಬರ್ 4ರಂದು 2147 ಮತಗಳು ಪರವಾಗಿಯೂ ಕೇವಲ 4 ವಿರುದ್ಧವಾಗಿಯೂ ಬಂದು ಅಂಗೀಕೃತವಾದ ಪೂಜಾವಿಧಿಯ ಸಂವಿಧಾನವು, ತನ್ನ 116ನೆಯ ಪರಿಚ್ಛೇದದಲ್ಲಿ ಗ್ರೆಗೋರಿಯನ್ ಗಾನಕ್ಕೆ ಪ್ರಥಮಸ್ಥಾನವು ಸಲ್ಲಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. 119ನೆಯ ಪರಿಚ್ಛೇದದಲ್ಲಿ, ಸ್ವಂತ ಸಂಗೀತಪರಂಪರೆಯುಳ್ಳ ಜನಾಂಗಗಳಿರುವ ಧರ್ಮಪ್ರಚಾರದ ನಾಡುಗಳಲ್ಲಿ ಆ ಪರಂಪರೆಗೆ ತಕ್ಕ ಗೌರವವು ಸಲ್ಲಬೇಕೆಂದೂ ಹೇಳುತ್ತದೆ. ಎರಡು ಮಾತುಗಳೂ ಒಂದೇ ಗ್ರಂಥದಲ್ಲಿ, ಮೂರು ಪರಿಚ್ಛೇದಗಳ ಅಂತರದಲ್ಲಿವೆ. ಕರ್ನಾಟಕದ ದೇವಾಲಯಗಳಲ್ಲಿಯೂ ಅಂದಿನವರೆಗೆ ಲ್ಯಾಟಿನ್ ಪೂಜೆಯೇ ನಡೆಯುತ್ತಿದ್ದುದು, ಬಳಿಕ ಕನ್ನಡವೂ ಕೊಂಕಣಿಯೂ ವೇದಿಕೆಯನ್ನೇರಿದುದು ನ್ಯಾಯವಾದುದೇ. ತಾಯಿನುಡಿಯಲ್ಲಿ ದೇವರನ್ನು ಕರೆಯುವ ಹಕ್ಕನ್ನು ಯಾರೂ ಪ್ರಶ್ನಿಸಲಾರರು. ಆದರೆ ಹೊಸದು ಒಳಬರುವುದಕ್ಕೆ ಹಳೆಯದು ಹೊರಗೆ ಹೋಗಲೇಬೇಕೆಂದು ಮಹಾಸಭೆಯು ಹೇಳಲಿಲ್ಲ. ಲೋಕದ ಬಹುಭಾಗದಲ್ಲಿ ಹಾಗಾದುದು ಅವಸರದಿಂದ. ಬಿಟ್ಟುಕೊಟ್ಟ ಗಾನದ ಸ್ಥಾನಕ್ಕೆ ಅನೇಕ ಕಡೆಗಳಲ್ಲಿ ಬಂದುದು ಆಯಾ ನಾಡಿನ ಪರಂಪರೆಯ ಸಂಗೀತವೂ ಅಲ್ಲ, ಸಿನಿಮಾ ಧಾಟಿಯ ಹಾಡು ಮತ್ತು ವಿದ್ಯುತ್ ಕೀಬೋರ್ಡಿನ ಗದ್ದಲ. ಇದು ನನಗೆ ನಿಜವಾಗಿ ನೋವನ್ನುಂಟುಮಾಡುವ ಸಂಗತಿ.

ವಿಚಿತ್ರವೆಂದರೆ, ದೇವಾಲಯಗಳಲ್ಲಿ ಗಾನವು ಅಡಗುತ್ತಿದ್ದ ಅದೇ ವರ್ಷಗಳಲ್ಲಿ ಅದರ ವಿದ್ಯೆಯು ಹಿಂದೆಂದೂ ಇಲ್ಲದ ಎತ್ತರವನ್ನು ಮುಟ್ಟಿತು. ಮೋಕ್ರೋ ಅವರು ಹಾಡುವವರ ಅನುಕೂಲಕ್ಕಾಗಿ ಸ್ವರಗಳನ್ನು ಎರಡೆರಡಾಗಿ, ಮೂರುಮೂರಾಗಿ ಎಣಿಸುವ ಲಯಸಿದ್ಧಾಂತವೊಂದನ್ನು ಕಟ್ಟಿದ್ದರು. ಅದರಿಂದ ದೊಡ್ಡ ಸಮೂಹಗಳು ಒಟ್ಟಾಗಿ ಹಾಡುವುದು ಸುಲಭವಾಯಿತಾದರೂ, ಹಳೆಯ ನ್ಯೂಮುಗಳು ಅದಕ್ಕೆ ಪೂರ್ತಿಯಾಗಿ ಒಪ್ಪುತ್ತಿರಲಿಲ್ಲ. ಅದೇ ಮಠದ ಎಜೆನ್ ಕಾರ್ದಿನ್ ಅವರು ಸೇಂಟ್ ಗಾಲ್ ಪ್ರತಿಗಳ ಒಂದೊಂದು ಗೀಟಿನ ಆಕಾರವನ್ನೂ ಪರೀಕ್ಷಿಸಿ, ತಮ್ಮ ಹಿರಿಯರ ಸಿದ್ಧಾಂತವನ್ನು ವಿನಯದಿಂದ, ಆದರೆ ನಿಸ್ಸಂಕೋಚವಾಗಿ, ತಿದ್ದಿದರು. 1979ರಲ್ಲಿ ಪ್ರಕಟವಾದ ತ್ರಿವಿಧಲಿಪಿಯ ಗಾನಸಂಪುಟದಲ್ಲಿ, ಮಧ್ಯದಲ್ಲಿ ನಾಲ್ಕು ರೇಖೆಗಳ ಮೇಲಿನ ಚೌಕಸ್ವರಗಳೂ, ಮೇಲೆ ಕಪ್ಪು ಶಾಯಿಯಲ್ಲಿ ಲಾಂ ನಗರದ ನ್ಯೂಮುಗಳೂ, ಕೆಳಗೆ ಕೆಂಪು ಶಾಯಿಯಲ್ಲಿ ಸೇಂಟ್ ಗಾಲ್ ನ್ಯೂಮುಗಳೂ ಒಂದೇ ಪುಟದಲ್ಲಿ ನಿಂತಿವೆ. ಮೋಕ್ರೋ ಅವರು ಎರಡು ಸಂಪುಟಗಳಲ್ಲಿ ಹರಡಿ ತೋರಿಸಬೇಕಾಗಿದ್ದ ಸಾಕ್ಷ್ಯದ ಸಾರವು ಇಂದು ಗಾಯಕನ ಅಂಗೈಯಲ್ಲಿದೆ.

ಹೀಗೆ ಈಗ ಕೊರತೆಯಿರುವುದು ಗ್ರಂಥಗಳದ್ದಲ್ಲ, ಕಂಠಗಳದ್ದು. ಸಣ್ಣ ದೇವಾಲಯಗಳಿಗಾಗಿ ಸುಲಭವಾದ ರಾಗಗಳನ್ನು ಆಯ್ದ ಗಾನಸಂಪುಟವು 1967ರಲ್ಲಿಯೇ ಬಂದಿದೆ. ಇನ್ನೂ ಸುಲಭವಾದ ಕಿರುಹೊತ್ತಗೆಯೊಂದನ್ನು ಪೋಪ್ ಆರನೆಯ ಪೌಲರು 1974ರಲ್ಲಿ ಲೋಕದ ಎಲ್ಲ ಧರ್ಮಾಧ್ಯಕ್ಷರಿಗೂ ಕಳುಹಿಸಿಕೊಟ್ಟರು. ಅದರಲ್ಲಿರುವ 'ಕೀರಿಯೆ' ಎಂಬ ಪ್ರಾರ್ಥನೆಯನ್ನೂ 'ಸಾಂಕ್ತುಸ್' ಎಂಬ ಸ್ತೋತ್ರವನ್ನೂ ಕನ್ನಡದ ಬಲಿಪೂಜೆಯ ನಡುವೆಯೇ, ಯಾವ ವಾದ್ಯವೂ ಇಲ್ಲದೆ, ಹತ್ತು ಮಂದಿ ಮಕ್ಕಳಿಗೆ ಬಾಯಿಂದ ಬಾಯಿಗೆ ಕಲಿಸಬಹುದು. ಗೆರಾಂಜೆಯವರೂ ಆರಂಭಿಸಿದುದು ಬೆರಳೆಣಿಕೆಯ ಜನರಿಂದಲೇ. ಮತ್ತು ಅವರ ಕೈಯಲ್ಲಿ ಆಗ ಇಂತಹ ಶುದ್ಧಪಾಠದ ಒಂದು ಪುಸ್ತಕವೂ ಇರಲಿಲ್ಲ.