ಮನೆಯ ಫೈರ್‌ವಾಲ್‌ಗೆ ಹೊಸ ಫರ್ಮ್‌ವೇರ್: ಹಿಂದಿರುಗುವ ದಾರಿ ಮೊದಲು

ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋದ ಓಎನ್‌ಟಿಗೂ ಮನೆಯ ವೈ-ಫೈಗೂ ನಡುವೆ ಕೆಲವರು ಇನ್ನೊಂದು ಪುಟ್ಟ ಪೆಟ್ಟಿಗೆ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಫ್ಯಾನ್ ಇಲ್ಲ, ಸದ್ದಿಲ್ಲ. ಹಿಂಬದಿಯಲ್ಲಿ ನಾಲ್ಕು ನೆಟ್‌ವರ್ಕ್ ಪೋರ್ಟು, ಒಳಗೆ ಕಡಿಮೆ ಕರೆಂಟು ಕುಡಿಯುವ ಪ್ರೊಸೆಸರು. ಮನೆಗೆ ಬರುವ, ಮನೆಯಿಂದ ಹೋಗುವ ಪ್ರತಿ ಪ್ಯಾಕೆಟ್ಟೂ ಇದನ್ನು ದಾಟಿಯೇ ಸಾಗಬೇಕು. ಬಾಗಿಲ ಕ್ಯಾಮೆರಾ ಆಫೀಸಿನ ಲ್ಯಾಪ್‌ಟಾಪನ್ನು ಮುಟ್ಟಬಹುದೇ, ಟಿವಿ ಹೊರಗೆ ಯಾರೊಡನೆ ಮಾತಾಡಬಹುದು ಎಂಬುದನ್ನೆಲ್ಲ ತೀರ್ಮಾನಿಸುವ ಫೈರ್‌ವಾಲ್ ಇದೇ.

ಇದರಲ್ಲಿ ಓಡುವ ತಂತ್ರಾಂಶಕ್ಕೆ ಒಂದು ವಂಶಾವಳಿಯಿದೆ. ಮ್ಯಾನುಯೆಲ್ ಕ್ಯಾಸ್ಪರ್ ಎಂಬುವರು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ಮೊನೊವಾಲ್ ಎಂಬ ಫೈರ್‌ವಾಲ್ ಕಟ್ಟಿದರು. 2004ರಲ್ಲಿ ಅದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು. 2015ರ ಜನವರಿಯಲ್ಲಿ ಪಿಎಫ್‌ಸೆನ್ಸ್‌ನಿಂದ ಓಪನ್‌ಸೆನ್ಸ್ ಕವಲೊಡೆಯಿತು. ಮುಂದಿನ ತಿಂಗಳೇ ಕ್ಯಾಸ್ಪರ್ ಮೊನೊವಾಲ್ ಕೆಲಸ ನಿಲ್ಲಿಸಿ, ಓಪನ್‌ಸೆನ್ಸ್ ಬಳಸಿ ನೋಡಿ ಎಂದು ತಮ್ಮ ಬಳಕೆದಾರರಿಗೆ ಹೇಳಿದರು. ಈ ಅಧ್ಯಾಯದಲ್ಲಿ ಹೆಚ್ಚಾಗಿ ಓಪನ್‌ಸೆನ್ಸನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ. ರೂಟರ್‌ಗಳಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿಯ ಪ್ರಸ್ತಾಪ ಅಲ್ಲಲ್ಲಿ ಬರುತ್ತದೆ.

ಈ ಪೆಟ್ಟಿಗೆಯ ಫರ್ಮ್‌ವೇರ್ ಬದಲಿಸಲು ಬಹಳ ಜನ ಹೆದರುತ್ತಾರೆ. ಹೆದರಿಕೆಗೆ ಕಾರಣವೂ ಇದೆ. ಕೆಟ್ಟರೆ ಇಡೀ ಮನೆಯ ಇಂಟರ್‌ನೆಟ್ ನಿಲ್ಲುತ್ತದೆ, ಸರಿಪಡಿಸುವುದು ಹೇಗೆಂದು ಹುಡುಕಲೂ ಇಂಟರ್‌ನೆಟ್ ಇರುವುದಿಲ್ಲ. ಹಾಗಾಗಿ "ಚೆನ್ನಾಗಿ ಓಡ್ತಿದೆಯಲ್ಲ, ಯಾಕೆ ಮುಟ್ಟೋದು" ಎಂದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅಪ್‌ಗ್ರೇಡ್‌ಗಿಂತ ದೊಡ್ಡ ಅಪಾಯ ಇದು.

2018ರ ಮೇ ತಿಂಗಳಲ್ಲಿ ಸಿಸ್ಕೋದ ಟಾಲೋಸ್ ತಂಡ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶವನ್ನು ಬಯಲಿಗೆಳೆಯಿತು. ಲಿಂಕ್‌ಸಿಸ್, ಮೈಕ್ರೋಟಿಕ್, ನೆಟ್‌ಗೇರ್, ಟಿಪಿ-ಲಿಂಕ್ ಹೆಸರಿನ, ಮನೆ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳೂ ಸೇರಿ ಕನಿಷ್ಠ 54 ದೇಶಗಳ 5 ಲಕ್ಷ ಸಾಧನಗಳೊಳಗೆ ಅದು ಕೂತಿತ್ತು. ಆ ಮಾದರಿಗಳಲ್ಲಿ ಹೆಚ್ಚಿನವುಗಳ ದೋಷಗಳು ಆಗಲೇ ಜಗಜ್ಜಾಹೀರಾಗಿದ್ದವು. ರೀಬೂಟ್ ಮಾಡಿದರೆ ಅದರ ಕೆಲವು ಭಾಗಗಳು ಅಳಿಸಿಹೋಗುತ್ತಿದ್ದವು, ಮೊದಲ ಭಾಗ ಮಾತ್ರ ಉಳಿದುಕೊಳ್ಳುತ್ತಿತ್ತು. 2022ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ಭದ್ರತಾ ಸಂಸ್ಥೆಗಳು ಬಹಿರಂಗಪಡಿಸಿದ ಸೈಕ್ಲಾಪ್ಸ್ ಬ್ಲಿಂಕ್ ಎಂಬ ಕುತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ವಾಚ್‌ಗಾರ್ಡ್ ಫೈರ್‌ವಾಲ್‌ಗಳ ಒಳಗೆ ಸೇರಿ, ಫರ್ಮ್‌ವೇರ್ ಅಪ್‌ಡೇಟ್ ಆಗುವ ದಾರಿಯನ್ನೇ ಹಿಡಿದುಕೊಂಡು ಅಪ್‌ಡೇಟ್ ಆದ ಮೇಲೂ ಬದುಕುತ್ತಿತ್ತು. ಸಿಕ್ಕಿಬಿದ್ದದ್ದು, ನಿರ್ವಹಣೆಯ ಪುಟವನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಪೆಟ್ಟಿಗೆಗಳು. ಈ ಕೊನೆಯ ಸಂಗತಿಯನ್ನು ಮುಂದೆ ಮತ್ತೆ ನೆನಪಿಸಿಕೊಳ್ಳಬೇಕಾಗುತ್ತದೆ.

ಹೆದರಿಕೆ ಹೋಗಬೇಕಾದರೆ ಧೈರ್ಯ ತಂದುಕೊಂಡರೆ ಸಾಲದು, ಹಿಂದಿರುಗುವ ದಾರಿ ಬೇಕು. ಹೊಸ ಆವೃತ್ತಿ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಹಳೆಯ ಸ್ಥಿತಿಗೆ ಮರಳಬಲ್ಲೆ ಎಂಬ ಖಾತ್ರಿಯಿದ್ದರೆ ಗುಂಡಿ ಒತ್ತುವುದು ಸಣ್ಣ ಕೆಲಸ. ಆ ಖಾತ್ರಿಯನ್ನು ಗುಂಡಿ ಒತ್ತುವ ಮೊದಲೇ ಕಟ್ಟಿಕೊಳ್ಳಬೇಕು.

ಮೊದಲನೆಯದು ಸೆಟ್ಟಿಂಗ್‌ಗಳ ಬ್ಯಾಕಪ್. ಓಪನ್‌ಸೆನ್ಸ್‌ನಲ್ಲಿ ನಿಯಮಗಳು, ವಿಪಿಎನ್, ಡಿಎನ್‌ಎಸ್, ಐಪಿ ಹಂಚಿಕೆ ಎಲ್ಲವೂ ಕಾನ್ಫಿಗ್ ಡಾಟ್ ಎಕ್ಸ್‌ಎಂಎಲ್ ಎಂಬ ಒಂದೇ ಫೈಲಿನಲ್ಲಿ ಅಡಗಿವೆ. ಮೆನುವಿನಿಂದ ಅದನ್ನು ಇಳಿಸಿಕೊಳ್ಳಲು ಕೆಲವೇ ಕ್ಷಣ ಸಾಕು. ಇಳಿಸಿದ ಮೇಲೆ ಒಮ್ಮೆ ತೆರೆದು ನೋಡಿ. ಅದು ಬರಿಯ ಪಠ್ಯ. ನಿಮ್ಮ ಪೆಟ್ಟಿಗೆಯ ಹೆಸರು, ಪೋರ್ಟ್‌ಗಳ ಹೆಸರು, ನೀವೇ ಬರೆದ ನಿಯಮಗಳ ವಿವರಣೆ ಅಲ್ಲಿ ಕಾಣಬೇಕು. ಫೈಲು ಖಾಲಿಯಿದ್ದರೆ, ಅರ್ಧಕ್ಕೆ ನಿಂತಿದ್ದರೆ ಈಗಲೇ ತಿಳಿಯುತ್ತದೆ. ವಿಪಿಎನ್ ಕೀಲಿಗಳೂ ಸೇವಾದಾರರ ಪಾಸ್‌ವರ್ಡೂ ಅದರಲ್ಲೇ ಇರುವುದರಿಂದ, ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಬಳಸಿ ಇನ್ನೊಂದು ಪ್ರತಿ ಇಳಿಸಿ. ದೀರ್ಘಕಾಲ ಇಟ್ಟುಕೊಳ್ಳಲು ಆ ಪ್ರತಿಯೇ ಸರಿ. ಯಾವುದನ್ನೂ ವಾಟ್ಸ್‌ಆಪ್‌ನಲ್ಲಿ ಕಳಿಸಿಕೊಳ್ಳಬೇಡಿ.

ನಮ್ಮ ಕಡೆಯ ಸಂಪರ್ಕಗಳಲ್ಲಿ ಇನ್ನೊಂದು ವಿಷಯವಿದೆ. ಹಲವು ಸೇವಾದಾರರು ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಕೆಲವರು ವಿಲ್ಯಾನ್ ಸಂಖ್ಯೆಯನ್ನೂ ಕೊಡುತ್ತಾರೆ, ಇನ್ನು ಕೆಲವರು ಪೆಟ್ಟಿಗೆಯ ಮ್ಯಾಕ್ ವಿಳಾಸಕ್ಕೇ ಸಂಪರ್ಕವನ್ನು ಕಟ್ಟಿಹಾಕಿರುತ್ತಾರೆ. ಇವನ್ನೆಲ್ಲ ಒಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಪೆಟ್ಟಿಗೆಯ ಹತ್ತಿರವೇ ಇಡಿ. ಹಳೆಯ ವೈ-ಫೈ ರೂಟರ್ ಅಟ್ಟದ ಮೇಲಿದ್ದರೆ ಅದನ್ನೂ ಕೆಳಗಿಳಿಸಿ, ಇದೇ ವಿವರಗಳನ್ನು ತುಂಬಿ, ಒಮ್ಮೆ ಓಎನ್‌ಟಿಗೆ ಸಿಕ್ಕಿಸಿ ನೋಡಿ. ಅದರಲ್ಲಿ ಇಂಟರ್‌ನೆಟ್ ಬಂದರೆ ಫೈರ್‌ವಾಲ್ ಮಲಗಿದರೂ ಮಕ್ಕಳ ಆನ್‌ಲೈನ್ ಕ್ಲಾಸು, ನಿಮ್ಮ ಆಫೀಸಿನ ಕರೆ ನಿಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಪ್‌ಗ್ರೇಡ್ ಮುಂದೆ ಹೋಗುತ್ತಲೇ ಇರುವುದು ಈ ಒಂದು ಏರ್ಪಾಡು ಇಲ್ಲದ್ದರಿಂದ.

ಎರಡನೆಯದು ಇನ್‌ಸ್ಟಾಲರ್. ಈಗ ಓಡುತ್ತಿರುವ ಆವೃತ್ತಿಯದ್ದೇ ಇಮೇಜ್ ಇಳಿಸಿ ಪೆನ್‌ಡ್ರೈವ್‌ಗೆ ಬರೆದಿಟ್ಟುಕೊಳ್ಳಿ. ಪೆಟ್ಟಿಗೆಗೆ ಎಚ್‌ಡಿಎಂಐ ಇದ್ದರೆ ವಿಜಿಎ ಇಮೇಜ್, ಸೀರಿಯಲ್ ಕನ್ಸೋಲ್ ಮಾತ್ರ ಇದ್ದರೆ ಸೀರಿಯಲ್ ಇಮೇಜ್ ಬೇಕು. ಇಲ್ಲಿ ಅದಲುಬದಲಾದರೆ ಪೆಟ್ಟಿಗೆ ಸರಿಯಾಗಿ ಬೂಟ್ ಆಗುತ್ತಿದ್ದರೂ ಪರದೆಯ ಮೇಲೆ ಏನೂ ಮೂಡದೆ, ಸತ್ತೇಹೋಯಿತೆಂದು ಗಾಬರಿಯಾಗುತ್ತದೆ. ಇಳಿಸಿದ ಇಮೇಜಿನ ಎಸ್‌ಎಚ್‌ಎ-256 ಮೊತ್ತವನ್ನು ತಯಾರಕರು ಪ್ರಕಟಿಸಿದ ಮೊತ್ತದೊಡನೆ ಹೋಲಿಸಿ. ಅದರಲ್ಲಿ 64 ಅಕ್ಷರಗಳಿರುತ್ತವೆ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ತೃಪ್ತರಾಗುವ ಅಭ್ಯಾಸ ಒಳ್ಳೆಯದಲ್ಲ. 2024ರ ಡಿಸೆಂಬರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಅಪ್‌ಗ್ರೇಡ್ ಸರ್ವರಿನಲ್ಲಿ ಸಿಕ್ಕ ದೋಷ ಇದೇ ಜಾತಿಯದು. ಕೋರಿಕೆಗೆ ತಕ್ಕ ಇಮೇಜ್ ಕಟ್ಟಿಕೊಡುವ ಆ ಸರ್ವರು, ಕೋರಿಕೆಯನ್ನು ಗುರುತಿಸಲು 64 ಅಕ್ಷರಗಳ ಮೊತ್ತವನ್ನು 12ಕ್ಕೆ ಕತ್ತರಿಸಿ ಬಳಸುತ್ತಿತ್ತು. ಅಷ್ಟು ಚಿಕ್ಕದಾದರೆ ಅದೇ ಮೊತ್ತ ಬರುವಂತೆ ಬೇರೊಂದು ಕೋರಿಕೆಯನ್ನು ಹುಡುಕಿ ತೆಗೆಯಬಹುದು, ಕೇಳಿದವರಿಗೆ ಕೆಟ್ಟ ಇಮೇಜನ್ನು ತಲುಪಿಸಬಹುದು. ಸುದ್ದಿ ಮುಟ್ಟಿದ ಕೆಲವೇ ಗಂಟೆಗಳಲ್ಲಿ ತಂಡದವರು ಅದನ್ನು ಸರಿಪಡಿಸಿದರು. ಅವರ ಆ ಚುರುಕುತನವನ್ನು ಮೆಚ್ಚಲೇಬೇಕು.

ಮೂರನೆಯದು ಓದು. ಹೊಸ ಆವೃತ್ತಿಯ ಜೊತೆ ಬರುವ ಬಿಡುಗಡೆ ಟಿಪ್ಪಣಿಯನ್ನು ಹೊಸ ಸೌಲಭ್ಯಗಳಿಗಾಗಿ ಅಲ್ಲ, ಏನು ಹೋಯಿತು, ಏನು ಬದಲಾಯಿತು ಎಂದು ತಿಳಿಯಲು ಓದಬೇಕು. 2021ರ ಫೆಬ್ರವರಿಯಲ್ಲಿ ಬಂದ ಪಿಎಫ್‌ಸೆನ್ಸ್ 2.5.0ರಲ್ಲಿ ವೈರ್‌ಗಾರ್ಡ್ ವಿಪಿಎನ್ ಸೇರಿಸಿದ್ದರು. ಆ ಕೋಡಿನ ಗುಣಮಟ್ಟದ ಬಗ್ಗೆ ಪ್ರಶ್ನೆಗಳೆದ್ದು 2.5.1ರಲ್ಲಿ ತೆಗೆದುಹಾಕಿದರು. ವೈರ್‌ಗಾರ್ಡ್ ಬಳಸುತ್ತಿದ್ದವರು ಅದರ ಸುರಂಗಗಳನ್ನು ತೆಗೆಯುವವರೆಗೆ ಅಪ್‌ಗ್ರೇಡ್ ಮುಂದೆ ಸಾಗುತ್ತಿರಲಿಲ್ಲ, ಅದು ಟಿಪ್ಪಣಿಯಲ್ಲಿತ್ತು. ಓಪನ್‌ಡಬ್ಲ್ಯುಆರ್‌ಟಿ 19.07ರಿಂದ 21.02ಕ್ಕೆ ಬಂದಾಗ ಹಲವು ಮಾದರಿಗಳಲ್ಲಿ ಪೋರ್ಟ್‌ಗಳನ್ನು ನಿಭಾಯಿಸುವ ಪದ್ಧತಿಯೇ ಬದಲಾಯಿತು. ಅಂಥ ಮಾದರಿಗಳಲ್ಲಿ ಹಳೆಯ ಸೆಟ್ಟಿಂಗ್ ಉಳಿಸಿಕೊಳ್ಳುವಂತಿರಲಿಲ್ಲ, ಹೊಸದಾಗಿ ಬರೆಯಲೇಬೇಕಿತ್ತು. ಅಪ್‌ಗ್ರೇಡ್ ಪುಟ ಎಚ್ಚರಿಕೆ ತೋರಿಸಿ ನಿರಾಕರಿಸಿದಾಗ ಬಲವಂತದ ಆಯ್ಕೆಯನ್ನು ಒತ್ತಬಾರದು ಎನ್ನುವುದು ಇದಕ್ಕೇ.

ಓಪನ್‌ಸೆನ್ಸ್‌ನ ದೊಡ್ಡ ಆವೃತ್ತಿಗಳು ಜನವರಿ ಮತ್ತು ಜುಲೈಗಳಲ್ಲಿ ಬರುತ್ತವೆ, ನಡುವೆ ಸಣ್ಣ ತಿದ್ದುಪಡಿಗಳು ಬರುತ್ತಿರುತ್ತವೆ. ಸಣ್ಣವನ್ನು ತಡಮಾಡದೆ ಹಾಕಿಕೊಳ್ಳುವುದು, ದೊಡ್ಡದಕ್ಕೆ ಮೊದಲ ಒಂದೆರಡು ತಿದ್ದುಪಡಿ ಬರುವವರೆಗೆ ಕಾಯುವುದು ಮನೆಯ ಮಟ್ಟಿಗೆ ಸರಿಯಾದ ಕ್ರಮವೆಂದು ನನಗನಿಸುತ್ತದೆ. ಆವೃತ್ತಿಗಳನ್ನು ಹಾರಿಸಿಕೊಂಡು ಹೋಗುವಂತಿಲ್ಲ. 24.1ರಲ್ಲಿ ಇದ್ದವರು 24.7 ದಾಟಿಯೇ 25.1ಕ್ಕೆ ಬರಬೇಕು. ಎರಡು ವರ್ಷ ಮುಟ್ಟದೆ ಬಿಟ್ಟವರಿಗೆ ಕೆಲಸ ದುಪ್ಪಟ್ಟಾಗುವುದು ಹೀಗೆ.

ಇನ್ನು ಕರೆಂಟು. ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟು ಹೋದರೆ ಪೆಟ್ಟಿಗೆಯಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಉಳಿಯುತ್ತದೆ. ರೂಟರ್‌ಗಳಲ್ಲಿ ಹಳೆಯದನ್ನು ಅಳಿಸಿ ಅದೇ ಜಾಗಕ್ಕೆ ಹೊಸದನ್ನು ಬರೆಯುವ ಮಾದರಿಗಳಿಗಂತೂ ಇದು ಮಾರಕ. ಆದ್ದರಿಂದ ಯುಪಿಎಸ್ ಬೇಕೇ ಬೇಕು. ಓಪನ್‌ಸೆನ್ಸ್ ತನಗೆ ಬೇಕಾದ್ದನ್ನು ನೇರವಾಗಿ ಇಳಿಸಿಕೊಳ್ಳುವುದರಿಂದ ಓಎನ್‌ಟಿಯೂ ಆ ಯುಪಿಎಸ್‌ಗೇ ಸೇರಿರಬೇಕು. ಮಳೆಗಾಲದ ಸಂಜೆ, ಗುಡುಗು ಕೇಳುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಭಾನುವಾರದ ಬೆಳಗಿನ ಹೊತ್ತು ಒಳ್ಳೆಯದು. ಏನಾದರೂ ಆದರೆ ದಿನವಿಡೀ ಸಮಯವಿರುತ್ತದೆ.

ಅಪ್‌ಗ್ರೇಡ್ ಗುಂಡಿಗೆ ಮುನ್ನ ಒಂದು ಸಲ ಸುಮ್ಮನೆ ರೀಬೂಟ್ ಮಾಡಿ ನೋಡುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ವರ್ಷವಿಡೀ ಆರದೆ ಓಡಿದ ಪೆಟ್ಟಿಗೆಯ ಎಸ್‌ಎಸ್‌ಡಿ ಒಳಗೊಳಗೇ ಸವೆದಿರಬಹುದು, ಅಡಾಪ್ಟರ್ ದುರ್ಬಲವಾಗಿರಬಹುದು. ಆ ದೋಷ ರೀಬೂಟ್‌ನಲ್ಲೇ ಹೊರಬಿದ್ದರೆ ಹೊಸ ಫರ್ಮ್‌ವೇರ್ ಮೇಲೆ ಅನ್ಯಾಯವಾಗಿ ಅನುಮಾನ ಪಡುವುದು ತಪ್ಪುತ್ತದೆ. ಪೆಟ್ಟಿಗೆ ಸರಿಯಾಗಿ ಎದ್ದು ಬಂದ ಮೇಲೆ, ಡಿಸ್ಕಿನ ಫೈಲ್ ಸಿಸ್ಟಂ ಝಡ್‌ಎಫ್‌ಎಸ್ ಆಗಿದ್ದರೆ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಹೊಸತು ಹೊಂದದಿದ್ದರೆ ಬೂಟ್ ಮೆನುವಿನಿಂದ ಹಳೆಯದನ್ನು ಆರಿಸಿಕೊಂಡು ಇದ್ದ ಹಾಗೆ ಹಿಂದಿರುಗಬಹುದು. ಯುಎಫ್‌ಎಸ್ ಡಿಸ್ಕಿನವರಿಗೆ ಈ ಅನುಕೂಲವಿಲ್ಲ, ಅವರಿಗೆ ಪೆನ್‌ಡ್ರೈವೇ ಗತಿ.

ಲ್ಯಾಪ್‌ಟಾಪನ್ನು ವೈ-ಫೈ ಬಿಟ್ಟು ಕೇಬಲ್ಲಿನಲ್ಲೇ ಜೋಡಿಸಿ, ಸಾಧ್ಯವಾದರೆ ಪೆಟ್ಟಿಗೆಗೆ ಮಾನಿಟರನ್ನೋ ಸೀರಿಯಲ್ ಕೇಬಲನ್ನೋ ಹಾಕಿ. ಸೀರಿಯಲ್ ಆದರೆ ವೇಗ 115200 ಇರಬೇಕು. ಶುರುವಾದ ಮೇಲೆ ಸಾಲುಗಳು ಒಂದರ ಹಿಂದೊಂದು ಉರುಳುತ್ತವೆ, ನಡುವೆ ಎಷ್ಟೋ ಹೊತ್ತು ಏನೂ ಅಲುಗಾಡದೆ ನಿಲ್ಲುತ್ತದೆ. ದೊಡ್ಡ ಆವೃತ್ತಿಯಾದರೆ ಒಂದಕ್ಕಿಂತ ಹೆಚ್ಚು ಸಲ ತಾನೇ ರೀಬೂಟ್ ಆಗುತ್ತದೆ. ಬ್ರೌಸರಿನ ಪುಟ ಸತ್ತಂತೆ ಕಂಡಾಗ ಪ್ಲಗ್ ಕಿತ್ತು ಹಾಕಬೇಕೆನ್ನಿಸುತ್ತದೆ. ಕೆಟ್ಟುಹೋಗುವ ಪೆಟ್ಟಿಗೆಗಳು ಆ ಹೊತ್ತಿನಲ್ಲೇ ಕೆಡುತ್ತವೆ. ಪರದೆ ಜೋಡಿಸಿದ್ದರೆ ಒಳಗೆ ಏನು ನಡೆದಿದೆಯೆಂದು ಕಣ್ಣಿಗೇ ಕಾಣುವುದರಿಂದ ಕೈ ತಡೆಯುವುದು ಸುಲಭ.

ಎದ್ದ ಮೇಲೆ ಇಂಟರ್‌ನೆಟ್ ಬಾರದಿದ್ದರೆ ಮೊದಲು ಕನ್ಸೋಲಿನಲ್ಲಿ ಪೋರ್ಟ್‌ಗಳ ಹೆಸರು ನೋಡಿ. ಫ್ರೀಬಿಎಸ್‌ಡಿ ಪೋರ್ಟ್‌ಗಳಿಗೆ ಡ್ರೈವರಿನ ಹೆಸರಿಡುತ್ತದೆ. ಡ್ರೈವರ್ ಬದಲಾದರೆ ಹೆಸರೂ ಬದಲಾಗಿ, ಹೊರಗಿನ ಪೋರ್ಟ್ ಯಾವುದು, ಒಳಗಿನದು ಯಾವುದು ಎಂದು ಫೈರ್‌ವಾಲ್‌ಗೆ ತಿಳಿಯದಂತಾಗಬಹುದು. ಮೆನುವಿನ 1ನೇ ಆಯ್ಕೆಯಲ್ಲಿ ಮತ್ತೆ ಹೊಂದಿಸಿದರೆ ಮುಗಿಯಿತು. ಸೆಟ್ಟಿಂಗ್ ಕಲಸಿಹೋಗಿದ್ದರೆ 13ನೇ ಆಯ್ಕೆಯಿಂದ ಪೆಟ್ಟಿಗೆಯೊಳಗೇ ಉಳಿದಿರುವ ಹಿಂದಿನ ಪ್ರತಿಯನ್ನು ತರಬಹುದು. ಬೂಟ್ ಕೂಡ ಆಗದಿದ್ದರೆ ಪೆನ್‌ಡ್ರೈವ್. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಕಾನ್ಫ್ ಎಂಬ ಫೋಲ್ಡರ್ ಮಾಡಿ, ಎನ್‌ಕ್ರಿಪ್ಟ್ ಮಾಡದ ಕಾನ್ಫಿಗ್ ಫೈಲನ್ನು ಅದೇ ಹೆಸರಿನಲ್ಲಿ ಅದರೊಳಗೆ ಇಟ್ಟಿದ್ದರೆ, ಇನ್‌ಸ್ಟಾಲರ್ ಬೂಟ್ ಆಗುವಾಗ ಕೇಳಿದ ಕಡೆ ಕೀಲಿ ಒತ್ತಿ ಆ ಪೆನ್‌ಡ್ರೈವಿನ ಹೆಸರು ಕೊಟ್ಟರೆ ಅದನ್ನು ಎತ್ತಿಕೊಳ್ಳುತ್ತದೆ. ಕೆಲಸ ಮುಗಿದ ದಿನವೇ ಆ ಪೆನ್‌ಡ್ರೈವ್ ಅಳಿಸಿ.

ಎಲ್ಲ ಸರಿಯಾಗಿ ಬಂತೆಂದರೆ ಪರೀಕ್ಷೆ ಬಾಕಿ. ವೆಬ್‌ಸೈಟ್ ತೆರೆದುಕೊಂಡಿತು ಎಂದರೆ ಫೈರ್‌ವಾಲ್ ಕೆಲಸ ಮಾಡುತ್ತಿದೆ ಎಂದಲ್ಲ. ಕ್ಯಾಮೆರಾಗಳಿಗೆಂದು ಬೇರ್ಪಡಿಸಿದ ವಿಲ್ಯಾನ್ ಇದ್ದರೆ ಅದರಿಂದ ಲ್ಯಾಪ್‌ಟಾಪಿಗೆ ಪಿಂಗ್ ಮಾಡಿ ನೋಡಿ, ಅದು ತಲುಪಬಾರದು. ಫೋನಿನ ವೈ-ಫೈ ಬಂದ್ ಮಾಡಿ, ಮೊಬೈಲ್ ಡೇಟಾದಿಂದ ವಿಪಿಎನ್ ಹತ್ತಿಸಿ ನೋಡಿ. ಅದೇ ಡೇಟಾದಿಂದ, ವಿಪಿಎನ್ ಬಂದ್ ಮಾಡಿ, ಮನೆಯ ಹೊರ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಹೊಡೆಯಿರಿ. ಲಾಗಿನ್ ಪುಟ ಕಾಣಿಸಿದರೆ ಸೈಕ್ಲಾಪ್ಸ್ ಬ್ಲಿಂಕ್ ಹುಡುಕಿದ್ದು ಅದೇ ಬಾಗಿಲನ್ನು. ಆ ಕ್ಷಣವೇ ಮುಚ್ಚಿ.

ಒಂದು ವಾರ ಸಲೀಸಾಗಿ ಓಡಿದ ಮೇಲೆ ಹೊಸ ಬ್ಯಾಕಪ್ ತೆಗೆದು, ಫೈಲಿನ ಹೆಸರಿಗೆ ಆವೃತ್ತಿಯನ್ನೂ ದಿನಾಂಕವನ್ನೂ ಸೇರಿಸಿ. ಹಳೆಯದನ್ನು ಅಳಿಸಬೇಡಿ. ಹಳೆಯ ಸೆಟ್ಟಿಂಗ್ ಫೈಲನ್ನು ಹೊಸ ಆವೃತ್ತಿ ಓದಿ ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಹೊಸ ಫೈಲನ್ನು ಹಳೆಯ ಆವೃತ್ತಿ ಓದೀತೆಂಬ ಭರವಸೆಯಿಲ್ಲ. ಆ ಹಳೆಯ ಫೈಲು ಮತ್ತು ಅದರ ಆವೃತ್ತಿಯದ್ದೇ ಪೆನ್‌ಡ್ರೈವ್ ಒಟ್ಟಿಗಿರಲಿ.