ಜಾನಪದ ಸಂಗ್ರಹಗಳ ಅಂತರ್ಜಾಲ ಪ್ರಕಟಣೆ: ಘಟಕ, ವಿವರ ಮತ್ತು ಹಾಡುಗಾರ

ಸಂಸ್ಥೆಯೊಂದು ತನ್ನಲ್ಲಿರುವ ಜಾನಪದ ಸಂಗ್ರಹವನ್ನು ಅಂತರ್ಜಾಲಕ್ಕೆ ತರುವುದೆಂದರೆ ಮುದ್ರಿತ ಪುಟಗಳ ಛಾಯಾಪ್ರತಿಗಳನ್ನು ಸಾಲಾಗಿ ಜೋಡಿಸಿಡುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅಳಿಯುತ್ತಿರುವ ಕಾಗದವನ್ನು ಉಳಿಸುವ ದೃಷ್ಟಿಯಿಂದ ಅದು ಅಗತ್ಯವಾದ ಕೆಲಸವೇ. ಆದರೆ ನಾನೂರು ಪುಟಗಳ ಒಂದೇ ಕಡತದಲ್ಲಿ ಅಡಗಿರುವ ಒಂದು ಸೋಬಾನೆ ಪದವನ್ನು ಸಂಶೋಧಕ ಹುಡುಕಿ ತೆಗೆಯಲಾರನಾದರೆ ಅದನ್ನು ಪ್ರಕಟಣೆ ಎಂದು ಕರೆಯುವುದು ಕಷ್ಟ. ಪಠ್ಯವನ್ನು ಅರ್ಥಪೂರ್ಣ ಘಟಕಗಳಾಗಿ ವಿಂಗಡಿಸಿ, ಪ್ರತಿ ಘಟಕಕ್ಕೂ ನಿಶ್ಚಿತವಾದ ವಿವರಗಳನ್ನು ಜೋಡಿಸಿ, ಒಂದೇ ಘಟಕವನ್ನು ಬೇರೆ ಬೇರೆ ಉದ್ದೇಶಗಳಿಗೆ ಬಳಸಲು ಅನುವು ಮಾಡಿಕೊಡುವ ಕ್ರಮವನ್ನು ರಚನಾಬದ್ಧ ವಿಷಯ ನಿರೂಪಣೆ ಎನ್ನಲಾಗುತ್ತದೆ. ಇದನ್ನು ಗಣಕಯಂತ್ರದ ತಾಂತ್ರಿಕ ವಿಚಾರವೆಂದು ಬದಿಗಿಡುವ ಪ್ರವೃತ್ತಿ ಇದೆಯಾದರೂ ಮೂಲತಃ ಇದು ವರ್ಗೀಕರಣದ ಪ್ರಶ್ನೆ. ಆದ್ದರಿಂದ ಜಾನಪದ ವಿದ್ವಾಂಸರದೇ ಪ್ರಶ್ನೆ.

ಘಟಕ ಯಾವುದು ಎಂಬುದು ಮೊದಲ ತೊಡಕು. ಮಲೆಮಹದೇಶ್ವರ ಕಾವ್ಯವನ್ನೇ ಗಮನಿಸಬಹುದು. ಪಿ. ಕೆ. ರಾಜಶೇಖರ (1973), ಕೇಶವನ್ ಪ್ರಸಾದ್ (1997) ಮೊದಲಾದವರ ಸಂಪಾದನೆಗಳಲ್ಲಿ ಅದು ಗ್ರಂಥರೂಪದಲ್ಲಿ ದೊರೆಯುತ್ತದೆ. ಆದರೆ ಕಂಸಾಳೆ ಹಿಡಿದ ದೇವರಗುಡ್ಡರ ಪಾಲಿಗೆ ಅದು ಗ್ರಂಥವಲ್ಲ. ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅವರು ಕಾವ್ಯವನ್ನು ವಿಂಗಡಿಸಿಕೊಂಡಿದ್ದಾರೆ. ಸಂದರ್ಭಕ್ಕೂ ಕೇಳುಗರ ಅಪೇಕ್ಷೆಗೂ ತಕ್ಕಂತೆ ಒಂದು ಸಾಲನ್ನು ಮಾತ್ರ ಹಾಡುವುದುಂಟು, ಹಿಗ್ಗಿಸುವುದುಂಟು, ಕುಗ್ಗಿಸುವುದೂ ಉಂಟು. ಪ್ರತಿ ಸಾಲು ತನ್ನಷ್ಟಕ್ಕೆ ಪೂರ್ಣ. ಆದರೂ ಮಾದಪ್ಪನ ಕಥೆಯ ಒಟ್ಟು ನಡೆಯಲ್ಲಿ ಅದಕ್ಕೊಂದು ಸ್ಥಾನವಿದೆ. ಇಂದಿನ ಪ್ರಕಾಶನ ತಜ್ಞರು ಹೊಸದೆಂಬಂತೆ ವಿವರಿಸುವ ಮರುಬಳಕೆಯ ಘಟಕ ಇದಕ್ಕಿಂತ ಬಹಳ ಭಿನ್ನವಾದುದೇನಲ್ಲ. ಹೀಗಿರುವಾಗ ದತ್ತಕೋಶದಲ್ಲಿ ಘಟಕವನ್ನು ಮುದ್ರಿತ ಪುಟದ ಆಧಾರದ ಮೇಲೆ ಕತ್ತರಿಸದೆ ಸಾಲಿನ ಆಧಾರದ ಮೇಲೆ ಗುರುತಿಸುವುದೇ ಯುಕ್ತ. ಒಂದೇ ಸಾಲನ್ನು ಭಿನ್ನ ಗಾಯಕರು ಹಾಡಿರುವ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಆಗ ಮಾತ್ರ ಸಾಧ್ಯ.

ಹೋಲಿಕೆಗಾಗಿ ವಿವರಗಳನ್ನು ಕ್ರಮಬದ್ಧಗೊಳಿಸುವ ಯತ್ನ ನಮ್ಮ ಶಿಸ್ತಿಗೆ ಹೊಸದೂ ಅಲ್ಲ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗ ಸೂಚಿಯನ್ನು ಸ್ಟಿತ್ ಥಾಮ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. ಹಾನ್ಸ್ ಯೋರ್ಗ್ ಊಥರ್ 2004ರಲ್ಲಿ ಮೂರು ಸಂಪುಟಗಳಲ್ಲಿ ಪರಿಷ್ಕರಿಸಿದರು. ಈ ಸೂಚಿಯ ಸಾಮರ್ಥ್ಯವೂ ಮಿತಿಯೂ ಒಂದೇ ಉದಾಹರಣೆಯಿಂದ ಸ್ಪಷ್ಟವಾಗುತ್ತವೆ. ಅಲನ್ ಡಂಡೆಸ್ ಸಂಪಾದಿಸಿದ 1982ರ ಸಿಂಡ್ರೆಲಾ ಸಂಕಲನದಲ್ಲಿ ಎ. ಕೆ. ರಾಮಾನುಜನ್ ಚರ್ಚಿಸಿರುವ ಕನ್ನಡದ ‘ಹಂಚಿ’ ಕಥೆಯನ್ನು 510ಬಿ ಎಂಬ ಸಂಖ್ಯೆಯಡಿ ಇರಿಸಬಹುದು. ಆ ಸಂಖ್ಯೆ ಹಂಚಿಯನ್ನು ಯುರೋಪಿನ ಅನೇಕ ಕಥೆಗಳ ನೆರೆಯಲ್ಲಿ ತಂದು ಕೂರಿಸುತ್ತದೆ. ಆದರೆ ಹುಡುಗಿಯ ಮುಖ ಮುಚ್ಚುವ ಮಣ್ಣಿನ ಮುಖವಾಡ, ಅದರಿಂದಲೇ ಅವಳಿಗೆ ಬಂದ ‘ಹಂಚಿ’ ಎಂಬ ಹೆಸರು, ಇವೆರಡನ್ನೂ ಅದು ತಿಳಿಸದು. ಸಂಖ್ಯೆ ಅಗತ್ಯ; ಸಂಖ್ಯೆಯೊಂದೇ ಸಾಲದು.

ಐರ್ಲೆಂಡಿನ ಶಾಲಾ ಸಂಗ್ರಹದ ನಿದರ್ಶನ ಇಲ್ಲಿ ವಿಶೇಷವಾಗಿ ಉಪಯುಕ್ತ. ಅಲ್ಲಿನ ಜಾನಪದ ಆಯೋಗ 1937ರಿಂದ 1939ರ ಅವಧಿಯಲ್ಲಿ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಂದ ಅವರವರ ಮನೆಯ ಮತ್ತು ಊರಿನ ಹಿರಿಯರ ತಿಳಿವಳಿಕೆಯನ್ನು ಬರೆಸಿತು. ಒಟ್ಟು ಸುಮಾರು 7,40,000 ಪುಟಗಳು. ಏನನ್ನು ಕೇಳಬೇಕು ಎಂಬುದನ್ನು ವಿಷಯವಾರು ವಿಂಗಡಿಸಿದ ಕೈಪಿಡಿಯನ್ನು ಶಿಕ್ಷಕರಿಗೆ ಮೊದಲೇ ನೀಡಲಾಗಿತ್ತು; ಹೇಳಿದವರ ಹೆಸರು ಮತ್ತು ಊರನ್ನು ಮಕ್ಕಳು ಸಾಮಾನ್ಯವಾಗಿ ಬರೆದಿಟ್ಟರು. ಏಳು ದಶಕಗಳ ನಂತರ ‘ದೂಖಸ್’ ಯೋಜನೆ ಈ ಪುಟಗಳನ್ನು ಅಂತರ್ಜಾಲಕ್ಕೆ ತಂದಾಗ ವಿಷಯ, ಊರು, ವ್ಯಕ್ತಿ ಎಂಬ ಮೂರು ದಾರಿಗಳಿಂದಲೂ ಸಂಗ್ರಹದೊಳಗೆ ಪ್ರವೇಶಿಸಲು ಸಾಧ್ಯವಾದುದು ಆ ಹಳೆಯ ಶಿಸ್ತಿನಿಂದ. ಊರಿನ ಹೆಸರುಗಳನ್ನು ಅದೇ ದೇಶದ ಸ್ಥಳನಾಮ ದತ್ತಕೋಶಕ್ಕೆ ಜೋಡಿಸಲಾಗಿದೆ. ಕೈಬರಹವನ್ನು ಸಾರ್ವಜನಿಕರು ಸ್ವಯಂಸೇವೆಯಿಂದ ಅಕ್ಷರೀಕರಿಸುತ್ತಾರೆ. ಕ್ಷೇತ್ರಕಾರ್ಯದ ದಿನ ಬರೆದುಕೊಳ್ಳದ ವಿವರವನ್ನು ಯಾವ ಯಂತ್ರವೂ ನಂತರ ತುಂಬಿಕೊಡಲಾರದು.

ವಿವರಗಳ ಮಾದರಿಗಳಲ್ಲಿ ಗ್ರಂಥಾಲಯಗಳಿಗೆ ಹೆಚ್ಚು ಪರಿಚಿತವಾದುದು ಡಬ್ಲಿನ್ ಕೋರ್. ಹೆಸರಿನಲ್ಲಿರುವ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಒಹಾಯೊ ರಾಜ್ಯದ್ದು. 1995ರಲ್ಲಿ ಅಲ್ಲಿ ನಡೆದ ಕಾರ್ಯಾಗಾರದಿಂದ ಈ ಮಾದರಿ ರೂಪುಗೊಂಡಿತು. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಮುಂತಾದ 15 ಅಂಶಗಳು ಇದರಲ್ಲಿವೆ. ಜಾನಪದ ಪಠ್ಯಕ್ಕೆ ಇದನ್ನು ಅನ್ವಯಿಸುವಾಗ ‘ಕರ್ತೃ’ ಎಂಬ ಅಂಶದ ಬಳಿ ಕೈ ತಡೆಯುತ್ತದೆ. ಪರಂಪರೆಯಿಂದ ಬಂದ ಹಾಡಿಗೆ ಕರ್ತೃ ಯಾರು? ಗ್ರಂಥಸೂಚಿಯ ರೂಢಿಯಂತೆ ಸಂಪಾದಕನ ಹೆಸರನ್ನು ಅಲ್ಲಿ ಬರೆದುಬಿಟ್ಟರೆ, ರಾತ್ರಿಯಿಡೀ ಹಾಡಿದ ಗಾಯಕ ದಾಖಲೆಯಿಂದಲೇ ಮರೆಯಾಗುತ್ತಾನೆ. ಮುದ್ರಿತ ಸಂಪುಟದಲ್ಲಿ ಕನಿಷ್ಠ ಅನುಬಂಧದ ವಕ್ತೃಗಳ ಪಟ್ಟಿಯಲ್ಲಾದರೂ ಅವನಿರುತ್ತಾನೆ. ಘಟಕವು ಗ್ರಂಥದಿಂದ ಬಿಡಿಸಿಕೊಂಡು ಒಂಟಿಯಾಗಿ ಸಂಚರಿಸುವ ಜಾಲದಲ್ಲಿ ಅನುಬಂಧ ಜೊತೆಗೆ ಹೋಗುವುದಿಲ್ಲ. ಬೀಸುವ ಪದಗಳ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಹಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು, ಸಂಗ್ರಹಿಸಿದವರು ಹೆಚ್ಚಾಗಿ ಗಂಡಸರು. ಮಾದರಿಯ ದೋಷ ಇದಲ್ಲ. ಡಬ್ಲಿನ್ ಕೋರ್‌ನ ಪ್ರತಿ ಅಂಶವನ್ನೂ ಎಷ್ಟು ಬಾರಿ ಬೇಕಾದರೂ ಪುನರಾವರ್ತಿಸಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಾತ್ರಸೂಚಕ ಪಟ್ಟಿಯಲ್ಲಿ ಗಾಯಕ, ಕಥೆಗಾರ, ಸಂದರ್ಶಕ ಎಂಬ ಪ್ರತ್ಯೇಕ ಪದಗಳೂ ಇವೆ. ಬಳಸುವ ಸಂಕಲ್ಪವಷ್ಟೇ ಬೇಕು.

ಕನ್ನಡದ ಸಂಸ್ಥೆಗಳಿಗೆ ಇನ್ನೆರಡು ಸಮಸ್ಯೆಗಳಿವೆ. ಕನ್ನಡ ಲಿಪಿ 1991ರಿಂದಲೇ ಯುನಿಕೋಡ್‌ನಲ್ಲಿದ್ದರೂ ಬಹುಕಾಲ ಪುಸ್ತಕಗಳ ಅಕ್ಷರ ಜೋಡಣೆ ಬೇರೆ ಸಂಕೇತಕ್ರಮಗಳಲ್ಲಿ ನಡೆಯಿತು. ಅಂಥ ಕಡತಗಳನ್ನು ಪರಿವರ್ತಿಸದೆ ಹುಡುಕಾಟಕ್ಕೆ ಒಡ್ಡಲಾಗದು. ಎರಡನೆಯದು ಉಚ್ಚಾರಣೆಯದು. ಮಹದೇಶ್ವರ, ಮಾದೇಶ್ವರ, ಮಾದಪ್ಪ, ಮಾದೇವ ಎಂಬ ರೂಪಗಳನ್ನು ಶಿಷ್ಟರೂಪಕ್ಕೆ ತಿದ್ದಿದರೆ ಪಠ್ಯ ಕೆಡುತ್ತದೆ, ತಿದ್ದದಿದ್ದರೆ ಹುಡುಕಾಟ ಸೋಲುತ್ತದೆ. ಪಠ್ಯವನ್ನು ಹಾಡಿದಂತೆಯೇ ಉಳಿಸಿ, ಎಲ್ಲ ರೂಪಗಳನ್ನೂ ಒಂದು ಅಧಿಕೃತ ಹೆಸರಿಗೆ ಜೋಡಿಸುವ ನಾಮಸೂಚಿಯನ್ನು ಹಿನ್ನೆಲೆಯಲ್ಲಿ ಇರಿಸುವುದು ಇದಕ್ಕೆ ಪರಿಹಾರ.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೇ ಎಂಬುದು ಉಳಿದ ಪ್ರಶ್ನೆ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್‌ನ ವರುಮುಂಗು ಸಮುದಾಯದೊಡನೆ ರೂಪುಗೊಂಡ ‘ಮುಕುರ್ತು’ ವ್ಯವಸ್ಥೆಯಲ್ಲಿ ಯಾರು ಯಾವುದನ್ನು ನೋಡಬಹುದು ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ಆ ನಿರ್ಧಾರ ಪ್ರತಿ ಘಟಕದ ವಿವರದಲ್ಲೇ ದಾಖಲಾಗುತ್ತದೆ. ದೀಕ್ಷೆ ಪಡೆದವರು ಮಾತ್ರ ಹಾಡುವ, ನಿರ್ದಿಷ್ಟ ಆಚರಣೆಯ ಹೊರಗೆ ಹಾಡದ ಪಠ್ಯಗಳು ನಮ್ಮ ಸಂಗ್ರಹಗಳಲ್ಲೂ ಇವೆ. ಧ್ವನಿಮುದ್ರಣಕ್ಕೆ ಒಪ್ಪಿದ ಗಾಯಕ ಅಂತರ್ಜಾಲದ ಪ್ರಸಾರಕ್ಕೂ ಒಪ್ಪಿದ್ದಾನೆಂದು ಭಾವಿಸಲು ಆಧಾರವಿಲ್ಲ. ಹಲವು ಮುದ್ರಣಗಳಾದ ಕಾಲಕ್ಕೆ ಅಂತರ್ಜಾಲವೇ ಇರಲಿಲ್ಲ. ಅವನು ಇಲ್ಲದಿದ್ದಲ್ಲಿ ಅವನ ಮೇಳದವರನ್ನೋ ಮನೆಯವರನ್ನೋ ಕಂಡು ಕೇಳಿ, ಅವರ ಉತ್ತರವನ್ನು ದಿನಾಂಕಸಹಿತ ಹಕ್ಕಿನ ಅಂಶದಲ್ಲಿ ಬರೆಯಬೇಕು. ಉತ್ತರ ದೊರೆಯುವವರೆಗೆ ಘಟಕದ ವಿವರವನ್ನು ಮಾತ್ರ ಪ್ರಕಟಿಸಿ ಧ್ವನಿಯನ್ನು ಗ್ರಂಥಾಲಯದೊಳಗಿನ ಬಳಕೆಗೆ ಸೀಮಿತಗೊಳಿಸಬಹುದು.