ಇಳಿವಯಸ್ಸಿನ ಸ್ನಾಯುಕ್ಷಯ ಮತ್ತು ಆರದ ಉರಿಯೂತ

ಪ್ರಸಾದ ಸ್ವೀಕರಿಸಿದ ಹಿರಿಯರು ಪಂಕ್ತಿಯಿಂದ ಮೇಲೇಳುವಾಗ ಪಕ್ಕದವರ ಹೆಗಲು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲವೂ ಮಂಡಿನೋವಲ್ಲ, ಎಷ್ಟೋ ಜನರಲ್ಲಿ ತೊಡೆಯ ಸ್ನಾಯುಗಳೇ ಕರಗಿರುತ್ತವೆ. ವೈದ್ಯಶಾಸ್ತ್ರ ಇದನ್ನು ಸಾರ್ಕೊಪೀನಿಯ ಎನ್ನುತ್ತದೆ.

ಗಾಯವಾದಾಗ ಬಾವು ಬಂದು, ವಾಸಿಯಾದೊಡನೆ ಇಳಿಯುವುದು ದೇಹದ ರಕ್ಷಣಾಕ್ರಮ. ವಯಸ್ಸಾದಂತೆ, ವಿಶೇಷವಾಗಿ ಬೊಜ್ಜು, ಮಧುಮೇಹ ಇರುವವರಲ್ಲಿ, ಈ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಉಳಿದುಬಿಡುತ್ತದೆ. ರಕ್ತದಲ್ಲಿ ಇಂಟರ್‌ಲ್ಯೂಕಿನ್-6ರಂತಹ ಅಂಶಗಳು ಹೆಚ್ಚಿ, ಸ್ನಾಯು ಕಟ್ಟುವ ಕಾರ್ಯ ಕುಂದುತ್ತದೆ, ಕರಗುವ ಕಾರ್ಯ ಮೇಲಾಗುತ್ತದೆ. ಬಲ ಕುಂದಿದವರು ಓಡಾಟ ಬಿಡುತ್ತಾರೆ. ಕುಳಿತಲ್ಲೇ ಬೆಳೆದ ಬೊಜ್ಜು ಆ ಕೆಂಡಕ್ಕೆ ಗಾಳಿ ಹಾಕುತ್ತದೆ.

ಬೋಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಪೂರೈಸಿದವರ ಕಾಲ್ಬಲ ಸರಾಸರಿ ಇಮ್ಮಡಿಗೂ ಮೀರಿತ್ತು! ಆದುದರಿಂದ ವಯಸ್ಸಾಯಿತೆಂದು ಹಿರಿಯರ ಕೈಯಿಂದ ಕಾಯಕವನ್ನೆಲ್ಲ ಕಸಿದುಕೊಳ್ಳುವುದು ನಮಗೆ ಸರಿತೋರದು.

ಕೈಕಟ್ಟಿಕೊಂಡು ಕುರ್ಚಿಯಿಂದ 5 ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ವೈದ್ಯರನ್ನು ಕಾಣಬೇಕು. ಮಿತಾಹಾರವೆಂದು ರಾತ್ರಿ ಬರಿಯ ಗಂಜಿಗಿಳಿಯುವುದೂ ತರವಲ್ಲ. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿಯೊಡನೆ ಕಾಳುಪಲ್ಯ, ಗಟ್ಟಿಬೇಳೆ, ಶೇಂಗಾ ಚಟ್ನಿ, ಮೊಸರು ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಬೇಕು.